ಆಚೆ ದಂಡೆಯ ಮಳೆ

ಮೊನ್ನೆ ಶಿಕಾರಿಪುರದಲ್ಲಿ ನಮ್ಮಣ್ಣನ ಗೊಬ್ಬರದಂಗಡಿಯ ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತು. ಹೊರೆ ಎಷ್ಟು ಅಗಲವಾಗಿತ್ತೆಂದರೆ ಪಕ್ಕದಲ್ಲಿ ಒಂದು ಸ್ಕೂಟರ್ ನುಸುಳುವಷ್ಟೇ ಜಾಗ ಉಳಿದಿತ್ತು. ಜನ ಹಾರ್ನ್ ಹೊಡೆದರು, ಬೈದರು. ಡ್ರೈವರ್ ಬಾನೆಟ್ಟಿನೊಳಗೆ ತಲೆ ಹಾಕಿ ಇಂಜಿನ್ನನ್ನು ಬೈದ. ನಾನು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಬಿಸಿಲು ಏರಿದಂತೆ ಹುಲ್ಲಿನ ವಾಸನೆ ಮೇಲಕ್ಕೆ ಬಂತು. ಭತ್ತದ ಹುಲ್ಲಿನದಲ್ಲ. ದೀಪಾವಳಿ ಮುಗಿದ ವಾರ ಸೊರಬದ ಕಡೆ ಬ್ಯಾಣದಲ್ಲಿ ಕೊಯ್ಯುವ ಹುಲ್ಲಿನದು, ಅರ್ಧ ಹಸಿ, ಅರ್ಧ ಒಣ. ಬ್ಯಾಣವೆಂದರೆ ದನದ ಮೇವಿಗೆಂದೇ ಮನೆತನಗಳು ಬಿಟ್ಟುಕೊಂಡ ಹುಲ್ಲಿನ ಇಳಿಜಾರು. ನಾಲ್ಕು ವರ್ಷದಿಂದ ನಾನು ಈ ವಾಸನೆಯಿಂದ ತಪ್ಪಿಸಿಕೊಂಡು ಓಡಾಡಿದ್ದೆ. ಅದು ತಾನಾಗಿ ಮನೆಬಾಗಿಲಿಗೆ ಬಂದು ಕೆಟ್ಟು ನಿಂತಿತ್ತು.

ಒದ್ದೆ ಸೀರೆಯನ್ನು ಬಕೆಟ್ಟಿನಲ್ಲೇ ಬಿಟ್ಟು, ಕೈಚೀಲ ತೆಗೆದುಕೊಂಡು ಕೆಳಗಿಳಿದೆ. ಅತ್ತಿಗೆ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಎಲ್ಲಿಗೆ ಹೊಂಟಿ, ಗಿರಿಜಾ?"

"ಉಳವಿಗೆ."

"ಈಗ್ಯಾಕವ್ವ? ಅಲ್ಲಿ ನಿನಗ್ಯಾರು ಅದಾರೆ?"

ಅವಳು ಕುಹಕದಿಂದ ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ಸಂಜೆಯೊಳಗೆ ಬರುತ್ತೇನೆಂದು ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಅತ್ತಿಗೆ ಕೆಟ್ಟವಳಲ್ಲ, ಅಣ್ಣನೂ ಅಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಮಹಡಿಯ ಎರಡು ಕೋಣೆ ನನಗೆ ಬಿಟ್ಟುಕೊಟ್ಟರು. ಮಕ್ಕಳಿಲ್ಲದ ನನಗೆ ಅದು ಧಾರಾಳವಾಯಿತು. ಕೆಳಗಿನವರು ಊಟಕ್ಕೆ ಕರೆಯುತ್ತಾರೆ, ಹಬ್ಬಕ್ಕೆ ಸೀರೆ ತರುತ್ತಾರೆ. ಆದರೆ ಊಟಕ್ಕೆ ಕರೆಯುವುದು ಬೇರೆ, ಮಾತಿಗೆ ಕರೆಯುವುದು ಬೇರೆ. ತಟ್ಟೆ ಎತ್ತಿದ ಮೇಲೆ ಎಲ್ಲರೂ ಟಿ.ವಿ. ಕಡೆ ತಿರುಗುತ್ತಾರೆ, ನಾನು ಮೆಟ್ಟಿಲ ಕಡೆ ತಿರುಗುತ್ತೇನೆ. ಇದನ್ನು ಯಾರ ತಪ್ಪು ಎಂದು ಹೇಳಲು ಬರುವುದಿಲ್ಲ.

ಐದು ವರ್ಷದ ಹಿಂದೆ ಉಳವಿಯ ಕಡೆಯ ಒಂದು ಪಿಯು ಕಾಲೇಜಿಗೆ ನನ್ನನ್ನು ಹಾಕಿದರು. ನನ್ನ ವಿಷಯ ಭೂಗೋಳ. ಶಿಕಾರಿಪುರದಿಂದ ಸೊರಬ, ಸೊರಬದಿಂದ ಉಳವಿ, ಎರಡು ಬಸ್ಸು. ಜೊತೆಯ ಮೇಷ್ಟರುಗಳು ಅಯ್ಯೋ ಪಾಪ ಎಂದರು. ನನಗೆ ಒಳಗೊಳಗೇ ಸಂತೋಷವಾಗಿತ್ತು. ದಾರಿಯಲ್ಲಿ ಎಷ್ಟು ಹೊತ್ತು ಹೋದರೆ ಮಹಡಿಯ ಮೇಲೆ ಅಷ್ಟು ಹೊತ್ತು ಉಳಿತಾಯ ಎಂಬುದು ನನ್ನ ಎಣಿಕೆ. ಶನಿವಾರ ಬೆಳಗಿನ ತರಗತಿ, ಹನ್ನೊಂದೂವರೆಗೆ ಕಾಲೇಜು ಖಾಲಿ. ಹನ್ನೆರಡಕ್ಕೊಂದು ಬಸ್ಸಿತ್ತು, ಎರಡಕ್ಕೊಂದಿತ್ತು. ನಾನು ನಾಲ್ಕರ ಬಸ್ಸಿಗೆ ಹೋಗುತ್ತಿದ್ದೆ. ನಡುವಿನ ಹೊತ್ತು ಕೊಡೆ ಹಿಡಿದು ಸುಮ್ಮನೆ ನಡೆಯುತ್ತಿದ್ದೆ. ಯಾರಾದರೂ ಕೇಳಿದರೆ ಸ್ಥಳೀಯ ಭೂಲಕ್ಷಣ ನೋಡುತ್ತಿದ್ದೇನೆ ಎನ್ನುತ್ತಿದ್ದೆ. ಭೂಗೋಳ ಕಲಿತದ್ದಕ್ಕೆ ಅಷ್ಟಾದರೂ ಉಪಯೋಗವಾಯಿತು.

ತೆನೆ ಹೊತ್ತ ಭೂಮಿಗೆ ಬಸುರಿಯ ಬಯಕೆಯೂಟ ಬಡಿಸುವ ಭೂಮಿ ಹುಣ್ಣಿಮೆ ಕಳೆದ ವಾರದಲ್ಲಿ ಹೀಗೆ ನಡೆಯುತ್ತಿರುವಾಗ ಸೊಂಟದೆತ್ತರದ ಹುಲ್ಲಿನ ನಡುವಿನಿಂದ ಕತ್ತರಿಯ ಸದ್ದು ಕೇಳಿಸಿತು. ಹುಲ್ಲು ಸರಿಸಿಕೊಂಡು ಹೋದೆ. ಎರಡು ಕಂಬಳಿ ಹಾಸಿದಷ್ಟು ಅಗಲದ ಜಾಗ, ಸುತ್ತ ಮುಳ್ಳಿನ ಬೇಲಿ. ಒಳಗೆ ನೆಲಕ್ಕೆ ಅಂಟಿದಷ್ಟು ಗಿಡ್ಡ, ಕಣ್ಣಿಗೆ ಹಿತವಾಗುವಷ್ಟು ಹಸಿರು ಹುಲ್ಲು. ಅರವತ್ತು ದಾಟಿದ ಒಬ್ಬರು ಅಲ್ಲಿ ಮಂಡಿಯೂರಿ ಕೂತು ದರ್ಜಿಯ ಕತ್ತರಿಯಿಂದ ಅದನ್ನು ಕತ್ತರಿಸುತ್ತಿದ್ದರು.

"ಎಂತ ಮಾಡ್ತಿದೀರಿ?" ಎಂದೆ.

"ಕ್ಷೌರ," ಎಂದರು, ತಲೆ ಎತ್ತದೆ.

ಅವರೇ ಗುತ್ಯಪ್ಪನವರು. ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಮೂವತ್ತೊಂದು ವರ್ಷ ಮಾಲಿಯಾಗಿದ್ದು, ವಯಸ್ಸಾದ ಮೇಲೆ ಊರಿಗೆ ಬಂದವರು. ಬರುವಾಗ ಒಬ್ಬ ಮೆಂಬರ್ ಕೊಟ್ಟ ಹಳೆಯ ಕೋಲುಗಳು, ಕೊಳದಲ್ಲಿ ಆರಿಸಿದ ಒಂದು ಚೀಲ ಚೆಂಡು, ಗೋಣಿಯಲ್ಲಿ ಸುತ್ತಿದ ಹುಲ್ಲಿನ ಬೇರು ತಂದಿದ್ದರು. ಆ ಬೇರೇ ಇಲ್ಲಿ ಹಬ್ಬಿ ಈ ಹಸಿರಾಗಿತ್ತು. "ಇದು ನಮ್ಮ ಗಣಪತಿಗೆ ಏರಿಸೋ ಗರಿಕೇನೇ ಮೇಡಂ. ಸ್ವಲ್ಪ ಓದಿದ ಗರಿಕೆ," ಎಂದರು. ಮಧ್ಯದಲ್ಲಿ ಒಂದು ಕುಳಿ, ಅದಕ್ಕೊಂದು ಬಿದಿರ ಕಡ್ಡಿ, ಕಡ್ಡಿಯ ತುದಿಗೆ ಹೆಂಡತಿ ನಾಗಮ್ಮನ ಕೆಂಪು ಕುಪ್ಪಸದ ತುಂಡು. ಬೇಲಿಯ ಮೂಲೆಯಲ್ಲಿ ಬಾಳೆಯೆಲೆಯೊಂದು ಒಣಗಿತ್ತು. ಹುಣ್ಣಿಮೆಯ ಬೆಳಿಗ್ಗೆ ಗದ್ದೆಗೆಲ್ಲ ಚರಗದ ಅನ್ನ ಚೆಲ್ಲಿ ಮಿಕ್ಕಿದ್ದನ್ನು ಇದಕ್ಕೂ ಬಡಿಸಿದ್ದರು. "ಇದೂ ಭೂಮಿನೇ ಅಲ್ಲೇನ್ರಿ? ಬಸುರಿ ಅಲ್ಲ ಅಂದ ಮಾತ್ರಕ್ಕೆ ಉಪವಾಸ ಕೆಡವಕಾಗುತ್ತಾ?"

ಮಕ್ಕಳಿಲ್ಲದ ನನ್ನ ಜೊತೆ ಆ ಮಾತು ಬಸ್ಸಿನವರೆಗೂ ಬಂತು. ಮುಂದಿನ ಶನಿವಾರವೂ ಹೋದೆ.

ಗುತ್ಯಪ್ಪನವರಿಗೆ ಒಂದೇ ಒಂದು ಆಸೆ ಇತ್ತು. ಅದನ್ನು ಎರಡನೆಯ ಭೇಟಿಯಲ್ಲೇ ಹೇಳಿದರು. ಕ್ಲಬ್ಬಿನಲ್ಲಿ ಸೋಮವಾರ ಬಾಗಿಲು ಹಾಕಿದಾಗ ಆಳುಗಳಿಗೂ ಆಡಲು ಬಿಡುತ್ತಿದ್ದರಂತೆ. ಉಳಿದ ದಿನ ಚೆಂಡು ಬರುವ ದಾರಿಯಿಂದ ಓಡಬೇಕು. "ನಂಗೆ ಮೊದ್ಲು ಬಂದ ಇಂಗ್ಲಿಷ್ ಮಾತು ಅಂದ್ರೆ 'ಮೂವ್'. ಮೂವತ್ತೊಂದು ವರ್ಷ ಸರಿದೆ ಮೇಡಂ. ಒಂದ್ಸಲ ಪರದೇಶಕ್ಕೆ ಗಿರಾಕಿಯಾಗಿ ಹೋಗ್ಬೇಕು. ನಾನು ಆಡ್ತಿರ್ಬೇಕು, ಹುಲ್ಲು ಬೇರೆಯೋರು ಕೊಯ್ತಿರ್ಬೇಕು."

"ಅದಕ್ಕೆ ಪರದೇಶ ಯಾಕೆ? ಇಲ್ಲೇ ಎಲ್ಲಾದ್ರೂ ಆಡಬಹುದಲ್ಲ?"

"ಇಲ್ಲಿ ಎಲ್ಲಿಗೆ ಹೋದ್ರೂ ಯಾರಾದ್ರೂ ಒಬ್ರು ಗುರ್ತು ಹಿಡೀತಾರೆ. ಏ ಗುತ್ಯಪ್ಪ, ಅಲ್ಲೊಂಚೂರು ನೀರು ಬಿಡು ಅಂತಾರೆ. ನಾನೂ ಬಿಟ್ಬಿಡ್ತೀನಿ. ಅಭ್ಯಾಸ."

ಅದಕ್ಕೆ ಥಾಯ್ಲೆಂಡು. ಕ್ಲಬ್ಬಿನವರೆಲ್ಲ ವರ್ಷ ವರ್ಷ ಹೋಗುತ್ತಿದ್ದ ಸಮುದ್ರದ ಪಕ್ಕದ ಮೈದಾನವೊಂದರ ಹೆಸರು ಅವರಿಗೆ ಬಾಯಿಪಾಠವಾಗಿತ್ತು. ದುಡ್ಡು ತೆಗೆದಿಟ್ಟಿದ್ದರು, ಪಾಸ್‌ಪೋರ್ಟ್ ಮಾಡಿಸಿದ್ದರು, ಶಿವಮೊಗ್ಗದಲ್ಲಿ ಒಬ್ಬ ಏಜೆಂಟನನ್ನೂ ಕಂಡಿದ್ದರು. ನಾಗಮ್ಮನ ಜೊತೆ ಒಂದು ಕರಾರೂ ಆಗಿತ್ತು. ಒಂದು ಸಲ ಹೋಗಿ ಬಂದರೆ ಮುಗಿಯಿತು; ಆಮೇಲೆ ಕೋಲು ಅಟ್ಟಕ್ಕೆ, ಬ್ಯಾಣಕ್ಕೆ ಅನಾನಸ್.

"ಯಾವ ಕಾಲದಾಗೆ ಹೋಗ್ಬೇಕು ಅನ್ನೋದೇ ತಿಳೀತಿಲ್ಲ. ನೀವು ಮಳೆ ಗಾಳಿ ಪಾಠ ಮಾಡೋರು. ನೋಡಿ ಹೇಳಿ," ಎಂದರು.

ಇಪ್ಪತ್ತು ವರ್ಷ ನಾನು ಮಾನ್ಸೂನ್ ಮಾರುತದ ಚಿತ್ರ ಬರೆದಿದ್ದೇನೆ, ಬಾಣದ ಗುರುತು ಹಾಕಿದ್ದೇನೆ. ಮಕ್ಕಳು ಅದನ್ನು ನಕಲು ಮಾಡಿಕೊಂಡು ಅಂಕ ತೆಗೆದುಕೊಂಡಿದ್ದಾರೆ. ಹೋಗುವುದು ಯಾವಾಗ ಒಳ್ಳೆಯದು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಅವತ್ತು ನಾಲ್ಕರ ಬಸ್ಸಿನಲ್ಲಿ ನಾನು ದೊಡ್ಡ ಹುದ್ದೆ ಸಿಕ್ಕವಳ ಗತ್ತಿನಲ್ಲಿ ಕೂತಿದ್ದೆ.

ಉತ್ತರ ಸಿಗಲು ಐದು ನಿಮಿಷ ಸಾಕಾಯಿತು. ಅವರು ಹೇಳಿದ ಮೈದಾನ ಪಶ್ಚಿಮದ ದಂಡೆಯಲ್ಲಿತ್ತು. ಅಲ್ಲಿ ನಮ್ಮ ಹಾಗೆಯೇ ಮುಂಗಾರು, ಅಕ್ಟೋಬರ್ ಕಳೆದರೆ ತಿಳಿ ಆಕಾಶ, ಹಿತವಾದ ಬಿಸಿಲು. ನವೆಂಬರಿನಿಂದ ಫೆಬ್ರವರಿವರೆಗೆ ಯಾವಾಗ ಹೋದರೂ ಸರಿ. ಶನಿವಾರ ಬರಲಿ, ಹೇಳೋಣ ಎಂದುಕೊಂಡೆ.

ಅಷ್ಟರಲ್ಲಿ ದೀಪಾವಳಿ ಬಂತು, ಬ್ಯಾಣದ ಹುಲ್ಲು ಕೊಯ್ದರು. ಮುಂದಿನ ಶನಿವಾರ ಹೋದರೆ ನಾನು ನೋಡಿದ ಜಾಗವೇ ಅದಲ್ಲ. ಇಡೀ ಇಳಿಜಾರು ಬಿಚ್ಚಿಕೊಂಡಿತ್ತು. ಕೊಯ್ದ ಹುಲ್ಲಿನ ವಾಸನೆ ಮೂಗು ತುಂಬುತ್ತಿತ್ತು, ದನ ಬಿಟ್ಟಿದ್ದರು, ಕೆಳಗಿನ ಕಾನಿನ ಅಂಚಿನವರೆಗೆ ಕಣ್ಣು ಹೋಗುತ್ತಿತ್ತು. ಗುತ್ಯಪ್ಪನವರು ಕೋಲು ತಂದು ಒಂದನ್ನು ನನ್ನ ಕೈಗೆ ಕೊಟ್ಟರು. ನಾನು ಕೊಡವನ್ನು ಸೊಂಟದಲ್ಲಿಟ್ಟ ಹಾಗೆ ನಿಂತೆ.

"ಬಿಗಿ ಹಿಡೀಬೇಡಿ. ಕೋಳಿಮರಿ ಹಿಡಿದಂಗೆ ಹಿಡೀರಿ. ಹಾರಿ ಹೋಗ್ಬಾರ್ದು, ಸಾಯಲೂ ಬಾರ್ದು."

ಮೊದಲ ಹೊಡೆತಕ್ಕೆ ಚೆಂಡು ಅಲ್ಲೇ ಇತ್ತು, ಮಣ್ಣು ಹಾರಿತು. ಅವರು ನಗಲಿಲ್ಲ. ಹಾರಿದ ಮಣ್ಣಿನ ಹೆಂಟೆಯನ್ನು ಹೋಗಿ ತಂದು, ಮೊದಲಿದ್ದಲ್ಲಿಗೇ ಇಟ್ಟು, ಕಾಲಿಂದ ಮೆಲ್ಲಗೆ ಒತ್ತಿ, "ಇನ್ನೊಂದ್ಸಲ," ಎಂದರು. ಏಳನೆಯದೋ ಎಂಟನೆಯದೋ ಹೊಡೆತಕ್ಕೆ ಕೋಲಿನಲ್ಲಿ ಏನೂ ತಾಗಿದಂತೆ ಅನ್ನಿಸಲೇ ಇಲ್ಲ. ಚೆಂಡು ಮಾತ್ರ ಮೇಲೆದ್ದು, ದನಗಳ ತಲೆಯ ಮೇಲಿಂದ ಹೋಗಿ, ದೂರದಲ್ಲಿ ಬಿತ್ತು. ಗಂಡ ತೀರಿಕೊಂಡ ಮೇಲಿನ ಏಳು ವರ್ಷದಲ್ಲಿ ನಾನು ಅಷ್ಟು ಜೋರಾಗಿ ನಕ್ಕಿರಲಿಲ್ಲ.

ಅಂದಿನಿಂದ ನನ್ನ ವಾರವೆಂದರೆ ಶನಿವಾರ. ಕುಳಿ ಒಂದೇ, ಐದು ಕಡೆಯಿಂದ ಹೊಡೆದು ಅದನ್ನೇ ಐದು ಮಾಡಿಕೊಂಡಿದ್ದೆವು. ಸೀರೆಯ ಅಂಚಿಗೆ ಹುಲ್ಲಿನ ಮುಳ್ಳು ಮೆತ್ತುತ್ತಿತ್ತು, ಬಸ್ಸಿನಲ್ಲಿ ಕೂತು ಒಂದೊಂದಾಗಿ ಕೀಳುತ್ತ ಊರು ಸೇರುತ್ತಿದ್ದೆ. ಮಧ್ಯಾಹ್ನ ನಾಗಮ್ಮ ತಂಬಿಗೆಯಲ್ಲಿ ಮಜ್ಜಿಗೆ ತರುತ್ತಿದ್ದರು. "ಒಬ್ರಿಗೆ ಹುಚ್ಚಾದ್ರೆ ಬಿಡಿಸ್ಬೋದಿತ್ತು. ಇಬ್ರಾದ್ರಿ," ಎನ್ನುತ್ತಿದ್ದರು. ನಾವು ಹೆಚ್ಚು ಮಾತಾಡುತ್ತಿದ್ದೆವೆಂದೇನೂ ಅಲ್ಲ. ಚೆಂಡು ಹುಡುಕುವಾಗ ಅವರು ಆ ಕಡೆ, ನಾನು ಈ ಕಡೆ. ಆದರೆ ನಾನು ಬರುವುದನ್ನು ನೋಡಿ ಒಬ್ಬರು ಕೈ ಎತ್ತುತ್ತಿದ್ದರು. ಬೇಲಿಯ ಹತ್ತಿರ ನಿಂತು ಬಲಗೈ ಎತ್ತುತ್ತಿದ್ದರು, ಅಷ್ಟೇ. ಅದಕ್ಕಾಗಿ ನಾನು ಸೋಮವಾರದಿಂದ ಕಾಯುತ್ತಿದ್ದೆ.

ಕಾರ್ತೀಕ ಮುಗಿಯುತ್ತ ಬಂದಾಗ ಅವರು ಕೇಳಿದರು. "ನೋಡಿದ್ರಾ ಮೇಡಂ? ಏಜೆಂಟು ಕೇಳ್ತಾ ಇದಾನೆ. ಈ ಪುಷ್ಯದೊಳಗೆ ಹೋಗಿ ಬರ್ಲಾ?"

ಅವರು ಹೋಗಿ ಬಂದರೆ ಕೋಲು ಅಟ್ಟಕ್ಕೆ ಹೋಗುತ್ತದೆ, ಬ್ಯಾಣಕ್ಕೆ ಗುದ್ದಲಿ ಬೀಳುತ್ತದೆ. ಇನ್ನೂ ನಾಲ್ಕೈದು ಶನಿವಾರ ಕಳೆದಿತ್ತಷ್ಟೇ.

"ಬರೆದು ತರ್ತೀನಿ. ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ," ಎಂದೆ.

ಆ ವಾರ ನಾನು ಮಾಡಿದ ಕೆಲಸವನ್ನು ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ. ಆ ದೇಶಕ್ಕೆ ಪೂರ್ವದ ದಂಡೆಯೂ ಒಂದುಂಟು. ಅಲ್ಲಿ ಕೆಲವು ಕಡೆ ಲೆಕ್ಕ ತಲೆಕೆಳಗು. ನಮ್ಮ ದೀಪಾವಳಿಯ ಹೊತ್ತಿಗೆ ಅಲ್ಲಿ ಜಡಿಮಳೆ. ನಾನು ಗ್ರಾಫ್ ಹಾಳೆ ತೆಗೆದುಕೊಂಡು, ನೀಲಿ ಪೆನ್ಸಿಲಿನಲ್ಲಿ ಆ ಆಚೆ ದಂಡೆಯ ಮಳೆಯನ್ನು ಹನ್ನೆರಡು ಕಂಬ ಮಾಡಿ ಬರೆದೆ. ಕೆಳಗೆ ತಿಂಗಳ ಹೆಸರು, ಅದರ ಕೆಳಗೆ ಅವರಿಗೆ ತಿಳಿಯಲೆಂದು ನಮ್ಮ ಮಳೆ ನಕ್ಷತ್ರಗಳು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಕಂಬಗಳು ತಾವಾಗಿಯೇ ಎತ್ತರ ಎದ್ದವು. ಜನವರಿ ಕಂಬ ಗಿಡ್ಡವಾಯಿತು. ಅದನ್ನು ನಾನೇ ಉದ್ದ ಮಾಡಿದೆ. ಅದಕ್ಕೆ ಯಾವ ದಂಡೆಯ ಆಧಾರವೂ ಇರಲಿಲ್ಲ. ಫೆಬ್ರವರಿಯಿಂದ ಮೇವರೆಗೆ 'ಸೆಕೆ' ಎಂದು ಕೆಂಪಿನಲ್ಲಿ ಬರೆದೆ. ಜೂನ್, ಜುಲೈ, ಆಗಸ್ಟ್ ಅವರಿಗೇ ಬಿಡುವಿಲ್ಲ, ಗದ್ದೆಯ ನಟ್ಟಿ. ಉಳಿದದ್ದು ಸೆಪ್ಟೆಂಬರ್. ಅವರು ಹೋಗಬೇಕಾಗಿದ್ದ ಪಶ್ಚಿಮದ ದಂಡೆಯಲ್ಲಿ ಅದು ಸುರಿಯುವ ತಿಂಗಳು.

ಗುತ್ಯಪ್ಪನವರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಸೆಪ್ಟೆಂಬರು ಅಂದ್ರೆ ಉತ್ತರೆ ಮಳೆ. ಇಲ್ಲಿ ಮಳೆ ಇರುವಾಗ ಅಲ್ಲಿ ಇರಲ್ಲೇನು?"

"ನಡುವೆ ಬೆಟ್ಟ ಇದೆ. ಮಳೆ ಬೆಟ್ಟದ ಈಚೆಗೇ ಮುಗಿಯುತ್ತೆ," ಎಂದೆ. ಅದೂ ನಿಜವೇ, ಆಚೆ ದಂಡೆಯ ಮಟ್ಟಿಗೆ.

"ಹಂಗಾರೆ ಸರಿ. ಈ ಚಳಿಗಾಲ ಇಲ್ಲೇ ಆಡನ," ಎಂದರು. ಹಾಳೆಯನ್ನು ಮನೆಗೆ ಒಯ್ದು, ಅನ್ನದ ಅಗುಳು ಹಚ್ಚಿ, ಕ್ಯಾಲೆಂಡರಿನ ಪಕ್ಕ ಗೋಡೆಗೆ ಅಂಟಿಸಿದರು. ಒಳ್ಳೆಯ ಅಕ್ಷರ ಎಂದು ನಾಗಮ್ಮ ಮೆಚ್ಚಿಕೊಂಡರು.

ನನಗೆ ಆ ಶನಿವಾರಗಳು ಬೇಕಾಗಿದ್ದವು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೆ ಸಿಗುವುದಿಲ್ಲ. ಸಿಕ್ಕಿದವೂ ಹೌದು. ಶಿವರಾತ್ರಿಯವರೆಗೆ ಒಂದನ್ನೂ ತಪ್ಪಿಸಲಿಲ್ಲ. ಬೆಳಿಗ್ಗೆ ಮಂಜು ಕರಗದಿರುವಾಗ ಬಸ್ಸು ಸೊರಬ ದಾಟುತ್ತಿತ್ತು, ಮಧ್ಯಾಹ್ನದ ಬಿಸಿಲು ಬೆನ್ನಿಗೆ ಹಿತವಾಗಿರುತ್ತಿತ್ತು. ನಾನು ಎರಡು ಹೊಡೆತದಲ್ಲಿ ಕುಳಿಗೆ ಹಾಕುವುದನ್ನು ಕಲಿತೆ. ನನ್ನ ಬದುಕಿನ ಒಳ್ಳೆಯ ಚಳಿಗಾಲ ಯಾವುದೆಂದು ಕೇಳಿದರೆ ಅದನ್ನೇ ಹೇಳುತ್ತೇನೆ. ಆದರೆ ಮಜ್ಜಿಗೆ ಕುಡಿಯಲು ಅವರ ಮನೆಗೆ ಕರೆದಾಗ ಮಾತ್ರ ಗೋಡೆಯ ಕಡೆ ಬೆನ್ನು ಮಾಡಿ ಕೂರುತ್ತಿದ್ದೆ.

ಬೇಸಿಗೆ ಬಂತು, ಪರೀಕ್ಷೆ ಬಂತು, ಮಳೆ ಹಿಡಿಯಿತು. ಸೆಪ್ಟೆಂಬರಿನ ಆ ದಿನ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಗುತ್ಯಪ್ಪನವರು ಹೊಸ ಪ್ಯಾಂಟು, ಹೊಸ ಬೂಟು ಹಾಕಿ ನಿಂತಿದ್ದರು. ಕೋಲಿನ ಚೀಲಕ್ಕೆ ಕಂಬಳಿ ಸುತ್ತಿ ಹಗ್ಗ ಬಿಗಿದಿದ್ದರು. ಮಳೆ ಎಷ್ಟು ಜೋರಾಗಿತ್ತೆಂದರೆ ಶಿವಮೊಗ್ಗದ ಬಸ್ಸಿನ ಬೋರ್ಡು ಓದಲಾಗುತ್ತಿರಲಿಲ್ಲ. ನಾನು ಬೀಳ್ಕೊಡಲು ಹೋಗಿದ್ದೆ. ಹೇಳಿಬಿಡಬೇಕು, ಟಿಕೆಟ್ ಹಾಳಾದರೂ ಹಾಳಾಗಲಿ ಎಂದು ಮನೆಯಿಂದ ಹೊರಡುವಾಗ ನಿಶ್ಚಯ ಮಾಡಿಕೊಂಡಿದ್ದೆ.

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವರು ತಿರುಗಿದರು. "ಅಲ್ಲಿ ಬಿಸ್ಲಿರುತ್ತಲ್ಲ ಮೇಡಂ?"

"ಇರುತ್ತೆ," ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಬೇಲಿಯ ಹತ್ತಿರ ಎತ್ತುವ ಹಾಗೆಯೇ ಬಲಗೈ ಎತ್ತಿದರು. ಬಸ್ಸು ಹೊರಟಿತು.

ಬಂದ ಮೇಲೆ ಅವರ ಜಗುಲಿಯಲ್ಲಿ ಕೂತು ಕಥೆ ಕೇಳಿದೆ. ಏಳು ದಿನದಲ್ಲಿ ಆಡಿದ್ದು ಒಂದೇ ಬೆಳಿಗ್ಗೆ. ಆರನೆಯ ಕುಳಿಯ ಹತ್ತಿರ ಮಳೆ ಹಿಡಿಯಿತು. ಉಳಿದ ದಿನ ಮೈದಾನದಲ್ಲಿ ನೀರು ನಿಂತು ಬಾಗಿಲು ಹಾಕಿದ್ದರು. ಗಿರಾಕಿಗಳು ಕಡಿಮೆಯಿರುವ ಕಾಲವೆಂದು ಕುಳಿಯ ಸುತ್ತಲ ಹುಲ್ಲಿಗೆಲ್ಲ ತೂತು ಹೊಡೆದು ಮರಳು ತುಂಬಿದ್ದರಂತೆ.

"ಗಾಜಿನ ಕೋಣೇಲಿ ಕುರ್ಚಿ ಹಾಕಿ ಟೀ ಕೊಟ್ರು. ಕೂತೆ. ಹೊರಗೆ ನನ್ನಷ್ಟೇ ವಯಸ್ಸಿನ ಒಬ್ಬ ಮಳೇಲಿ ವೈಪರ್ ಹಿಡ್ದು ನೀರು ತಳ್ತಿದ್ದ. ಒಂದು ಕಡೆಯಿಂದ ತಳ್ಳಿದ್ರೆ ಇನ್ನೊಂದು ಕಡೆ ಬರೋದು. ಹಂಗಲ್ಲ ಅದನ್ನ ತಳ್ಳೋದು. ಎರಡು ದಿನ ನೋಡ್ದೆ. ಮೂರನೇ ದಿನ ಬೂಟು ಬಿಚ್ಚಿಟ್ಟು ಹೋಗಿ ಇನ್ನೊಂದು ವೈಪರ್ ತಗಂಡೆ. ಭಾಷೆ ಬರಲ್ಲ, ಆದ್ರೆ ಕೆಲ್ಸ ಗೊತ್ತಲ್ಲ. ಒಳ್ಳೇ ಮನುಷ್ಯ ಮೇಡಂ ಅವ್ನು."

ನಗುತ್ತಲೇ ಹೇಳಿದರು. ಒಂದು ಸಲ ಗಿರಾಕಿಯಾಗಬೇಕೆಂದು ಹೋದವರು ಪರದೇಶದ ಮಳೆಯಲ್ಲಿ ನಾಲ್ಕು ದಿನ ನೀರು ತಳ್ಳಿ ಬಂದಿದ್ದರು. ತಳ್ಳಿಸಿದವಳು ನಾನು. ನಾಗಮ್ಮ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು. ಗುತ್ಯಪ್ಪನವರು ಒಳಗೆ ಹೋಗಿ ಮಡಿಸಿದ ಹಳದಿ ರೇನ್‌ಕೋಟೊಂದನ್ನು ತಂದರು. ಆ ಮೈದಾನದಲ್ಲಿ ಗಿರಾಕಿಗಳಿಗೆ ಕೊಟ್ಟದ್ದಂತೆ. "ನೀವು ಬಸ್ಸಿಗೆ ನಡ್ಕಂಡು ಬರ್ತೀರಲ್ಲ, ಇಟ್ಕಳಿ," ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಯಾರೂ ಕಳ್ಳಿ ಎನ್ನದಿದ್ದರೂ ಹೆಗಲು ಉರಿಯುತ್ತಿತ್ತು. ರೇನ್‌ಕೋಟು ಕಂಕುಳಲ್ಲಿಟ್ಟುಕೊಂಡು ಮಳೆಯಲ್ಲಿ ನೆನೆಯುತ್ತ ಬಸ್ಸಿಗೆ ಬಂದೆ.

ಆಮೇಲೆ ಶನಿವಾರ ಹನ್ನೆರಡರ ಬಸ್ಸು ಹಿಡಿಯತೊಡಗಿದೆ. ಅವರು ಎರಡು ಸಲ ಫೋನ್ ಮಾಡಿದರು. ಅದು ಹೊಡೆದುಕೊಳ್ಳುವುದನ್ನು ಎರಡು ಸಲವೂ ಕೂತು ನೋಡಿದೆ. ಮುಂದೆ ನನಗೆ ಶಿಕಾರಿಪುರಕ್ಕೇ ವರ್ಗವಾಯಿತು. ಎಲ್ಲರೂ ಅದೃಷ್ಟ ಎಂದರು.

ಮೊನ್ನೆ ಉಳವಿಯಲ್ಲಿ ಇಳಿದು ಹಳೆಯ ದಾರಿ ಹಿಡಿದು ನಡೆದೆ. ಇಳಿಜಾರಿನ ತುಂಬ ಅನಾನಸ್ ಸಾಲು. ಗೊತ್ತಿದ್ದ ಸಂಗತಿಯೇ, ಆದರೂ ಕಾಲು ನಿಂತಿತು. ಬೇಲಿಯ ಹತ್ತಿರ ಕೈ ಎತ್ತುವವರು ಯಾರೂ ಇರಲಿಲ್ಲ. ಮನೆಯ ಅಂಗಳದಲ್ಲಿ ನಾಗಮ್ಮ ಅಡಿಕೆ ಹಾಳೆ ತೊಳೆದು ಒಣಗಿಸುತ್ತಿದ್ದರು. ನನ್ನನ್ನು ನೋಡಿ ಕೈ ಒರೆಸಿಕೊಂಡರು.

"ಬಂದ್ರಾ?" ಎಂದರು, ನಿನ್ನೆ ಹೋಗಿ ಇವತ್ತು ಬಂದವಳಿಗೆ ಹೇಳುವ ಹಾಗೆ.

"ಗುತ್ಯಪ್ಪನವರು?"

"ಇಲ್ಲ. ಹೋಗ್ಯಾರೆ."

ನನ್ನ ಮುಖ ಹೇಗಾಯಿತೋ, ಅವರೇ ಗಾಬರಿಯಾಗಿ, "ಅಯ್ಯೋ, ಹಂಗಲ್ಲ ಮಾರಾಯ್ರೆ. ಥಾಯ್ಲೆಂಡಿಗೆ ಹೋಗ್ಯಾರೆ. ಶುಕ್ರವಾರ ಹೊಂಟ್ರು," ಎಂದರು. ನಾನು ಜಗುಲಿಯ ಮೇಲೆ ಕೂತೆ.

"ಒಂದೇ ಸಲ ಅಂತ ನಿಮಗೆ ಮಾತು ಕೊಟ್ಟಿದ್ರಲ್ಲ?"

"ನಾನೇ ಕಳಿಸ್ದೆ. ಅನಾನಸ್ ಚೆನ್ನಾಗಿ ಬಂತು. ಅವ್ರು ಮಳೇಲಿ ವೈಪರ್ ಹಿಡ್ಕಂಡು ಬಂದಿದ್ದು ನಂಗೆ ಸೇರಿರ್ಲಿಲ್ಲ. ಈ ಸಲ ಕಾರ್ತೀಕದಾಗೇ ಹೋಗಿ ಅಂದೆ."

ಕಾರ್ತೀಕ ಎಂಬ ಮಾತನ್ನು ಅವರು ಒತ್ತಿ ಹೇಳಲಿಲ್ಲ. ಆದರೂ ನನ್ನ ಕಣ್ಣು ಮನೆಯೊಳಗೆ ಹೋಯಿತು. ತೆರೆದ ಬಾಗಿಲಿನಿಂದ ಗೋಡೆ ಕಾಣುತ್ತಿತ್ತು. ಕ್ಯಾಲೆಂಡರ್ ಹೊಸದು, ಪಕ್ಕದ ಗ್ರಾಫ್ ಹಾಳೆ ಹಳೆಯದು. ಇನ್ನು ತಡೆಯಲಾಗಲಿಲ್ಲ.

"ನಾಗಮ್ಮ, ಆ ಹಾಳೆ ಸುಳ್ಳು. ನಾನೇ ಬೇಕಂತ ತಪ್ಪು ಬರೆದೆ."

"ಗೊತ್ತಲ್ಲ," ಎಂದರು ನಾಗಮ್ಮ, ಅಡಿಕೆ ಹಾಳೆಯೊಂದನ್ನು ಮಗುಚುತ್ತ. "ಆವಾಗ್ಲೇ ಗೊತ್ತಿತ್ತು ಅವ್ರಿಗೆ. ಕ್ಲಬ್ಬಿನೋರು ವರ್ಷ ವರ್ಷ ಡಿಸೆಂಬರ್‌ನಾಗೇ ಹೋಗಿ ಬಿಸ್ಲಿಗೆ ಮುಖ ಸುಟ್ಕಂಡು ಬರ್ತಿದ್ರಂತೆ. ನೀವು ಎಂತ ಅಂತೀರಿ ನೋಡನ ಅಂತ ಕೇಳಿದ್ರು. ಹಾಳೆ ತಂದ ದಿನ ನಂಗೆ ಹೇಳಿದ್ರು, ಮೇಡಂಗೆ ಈ ಚಳಿಗಾಲ ನಾನು ಇಲ್ಲಿರ್ಬೇಕಂತೆ ಕಣೇ ಅಂತ."

"ಮತ್ತೆ ಸೆಪ್ಟೆಂಬರಲ್ಲಿ ಯಾಕೆ ಹೋದ್ರು? ಗೊತ್ತಿದ್ದೂ?"

"ನಾನೂ ಕೇಳ್ದೆ. ಮೇಡಂ ಕೈಯಾರೆ ಬರ್ದು ಕೊಟ್ಟಾರೆ, ಹೋಗ್ದಿದ್ರೆ ನಂಗೆ ತಿಳೀತು ಅಂತ ಅವ್ರಿಗೆ ಗೊತ್ತಾಗುತ್ತೆ, ನಾಚ್ಕೆ ಆಗುತ್ತೆ ಅಂದ್ರು. ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತಾರಲ್ಲ, ಹಂಗೆ." ಇನ್ನೊಂದು ಅಡಿಕೆ ಹಾಳೆಯನ್ನು ಬಿಸಿಲಿಗಿಟ್ಟು ಮತ್ತೆ ಹೇಳಿದರು. "ನಂಗೂ ಸಿಟ್ಟು ಬಂದಿತ್ತು ನಿಮ್ಮ ಮೇಲೆ. ಆದ್ರೆ ಅವ್ರು ಒಂದು ಮಾತು ಹೇಳಿದ್ರು. ಮೂವತ್ತೊಂದು ವರ್ಷ ಎಲ್ರೂ ಅತ್ಲಾಗೆ ಸರಿ ಅಂದೋರೇ. ಇರು ಅಂದೋರು ಇವರೊಬ್ರೇ ಅಂತ. ನೀವು ಬರೋದು ಬಿಟ್ಟಾಗ ಬಾಳ ದಿನ ಶನಿವಾರ ಬೇಲಿ ಹತ್ರ ನಿಂತಿದ್ರು."

ನಾನು ಅತ್ತೆ. ಮರೆಮಾಚಲು ಹೋಗಲಿಲ್ಲ. ಅವರು ನಿಂತಿದ್ದ ಶನಿವಾರಗಳಲ್ಲಿ ನಾನು ಹನ್ನೆರಡರ ಬಸ್ಸಿನಲ್ಲಿ ಅದೇ ಗುಡ್ಡದ ಕೆಳಗೆ ಹಾದುಹೋಗಿದ್ದೆ, ಕಿಟಕಿಯಿಂದ ಮುಖ ತಿರುಗಿಸಿಕೊಂಡು. ಒಂದು ಚಳಿಗಾಲ ಕದ್ದೆ ಎಂದು ತಿಳಿದು ಎಲ್ಲ ಚಳಿಗಾಲಗಳನ್ನೂ ಕಳೆದುಕೊಂಡಿದ್ದೆ. ನಾಗಮ್ಮ ಅಳಬೇಡಿ ಎನ್ನಲಿಲ್ಲ. ಮಜ್ಜಿಗೆ ತಂದುಕೊಟ್ಟರು, ಕುಡಿಯುವವರೆಗೆ ಎದುರಿಗೆ ಕೂತರು.

"ಬುಧವಾರ ಬರ್ತಾರೆ. ನೀವು ಬಂದಿದ್ರಿ ಅಂತ ಹೇಳ್ತೀನಿ," ಎಂದರು. ಆಮೇಲೆ, "ಆ ಗರಿಕೆ ಕತ್ತರಿಸೋದು ಒಂದು ಬಾಕಿ ಐತೆ ನೋಡಿ. ನಾನು ನೋಡ್ಕತೀನಿ ಅಂದಿದ್ದೆ. ಈ ಅಡಿಕೆ ಹಾಳೆ ಕೆಲ್ಸದಾಗೆ ಪುರುಸೊತ್ತೇ ಆಗಿಲ್ಲ."

ಅನಾನಸ್ ಸಾಲುಗಳ ನಡುವೆ ಮುಳ್ಳಿನ ಬೇಲಿ ಹಾಗೆಯೇ ಇತ್ತು. ಎರಡು ಕಂಬಳಿಯ ಆ ಜಾಗಕ್ಕೆ ಮಾತ್ರ ಗುದ್ದಲಿ ಬಿದ್ದಿರಲಿಲ್ಲ. ಗರಿಕೆ ಒಂದು ಬೆರಳು ಬೆಳೆದಿತ್ತು. ಬೇಲಿಯ ಗೂಟಕ್ಕೆ ಸಿಕ್ಕಿಸಿದ ಡಬ್ಬದಲ್ಲಿ ದರ್ಜಿಯ ಕತ್ತರಿ ಇತ್ತು. ಗಡಿಯಾರ ನೋಡಿಕೊಂಡೆ, ಹನ್ನೆರಡಕ್ಕೆ ಇನ್ನೈದು ನಿಮಿಷ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಮುಂದೆ. ಪಶ್ಚಿಮದ ದಂಡೆ, ಕಾರ್ತೀಕ ಮಾಸ. ಬಿಸಿಲಿರುತ್ತದೆ.

ಸೆರಗು ಸಿಕ್ಕಿಸಿ ಮಂಡಿಯೂರಿದೆ. ಕೆಳಗಿನ ರಸ್ತೆಯಲ್ಲಿ ಹನ್ನೆರಡರ ಬಸ್ಸು ಹಾರ್ನ್ ಮಾಡುತ್ತ ಹೋಯಿತು. ಅಲ್ಲಿ ಗುತ್ಯಪ್ಪನವರು ಆಡುತ್ತಿದ್ದರು, ಇಲ್ಲಿ ನಾನು ಹುಲ್ಲು ಕೊಯ್ಯತೊಡಗಿದೆ.